ನಮ್ಮದೇ ಅಂಗಳದ ಜಾವಾ

ದೋಲ್ನಿ ಯಾವೊರ್, 2 ಮಾರ್ಚ್ 2006

ಪ್ರಿಯ ಓಟಾ,

ನಿನ್ನ ಕಾಗದ ಬಂತು. ಅದನ್ನು ಕಾಗದ ಅಂತ ಹೇಗೆ ಕರೆಯಲಿ, ಇದ್ದದ್ದು ಮೂರು ಸಾಲು. ಊಟ ಚೆನ್ನಾಗಿದೆ, ಹಿಮ ಬಿದ್ದಿದೆ, ಗಂಟಲು ನಿಧಾನವಾಗಿ ಸರಿಹೋಗುತ್ತದಂತೆ. ಅಷ್ಟೇ. ಪಂಚಾಯಿತಿಯ ಧ್ವನಿವರ್ಧಕದಲ್ಲಿ ಕೋಳಿಮರಿ ಬಂತು, ಕಲ್ಲಿದ್ದಲು ಬಂತು, ನಾಳೆ ನಲ್ಲಿ ನೀರಿಲ್ಲ ಅಂತ ಜೀವಮಾನವಿಡೀ ಊರಿಗೆಲ್ಲ ಸಾರಿದ ಮನುಷ್ಯನಿಗೆ ಹೆಂಡತಿಗೆ ಬರೆಯಲು ಮೂರೇ ಸಾಲು ಸಿಕ್ಕಿತೇ? ಆ ಡಾಕ್ಟರು ಕೊಯ್ದದ್ದು ಗಂಟಲನ್ನೋ ಕೈಯನ್ನೋ?

ಫೋನ್ ಬೇಡ ಎಂದು ನೀನು ಮೊದಲೇ ಬರೆದಿದ್ದೀಯ, ಸರಿ. ಈ ಕಡೆ ನಾನು ಮಾತಾಡುವುದು, ಆ ಕಡೆ ನೀನು ಉಸಿರಾಡುವುದು, ಅದು ನನಗೂ ಬೇಡ. ಮೊಬೈಲು ಮೇಜಿನ ಖಾನೆಯಲ್ಲಿ ಬಿದ್ದಿದೆ. ಅದರ ಗುಂಡಿಗಳು ನಿನ್ನ ಬೆರಳಿಗೂ ಆಗವು, ನನ್ನ ಕಣ್ಣಿಗೂ ಆಗವು.

ಮನೆ ಎಷ್ಟು ಸುಮ್ಮನಿದೆ ಎಂದರೆ ಗೋಡೆ ಗಡಿಯಾರದ ಮೇಲೆ ಸಿಟ್ಟು ಬರುತ್ತದೆ. ಈಸ್ಟರಿಗೆ ಬರುತ್ತೀಯಲ್ಲ? ಡಾಕ್ಟರನ್ನು ಕೇಳಿ ಬರೆ.

ಇನ್ನೊಂದು ವಿಷಯ. ಕೆಳಗಿನ ಬೀದಿಯ ಕುಬಾಟ್ ಇದ್ದಾನಲ್ಲ, ಹೆಂಡತಿ ತೀರಿಕೊಂಡವನು, ಅವನಿಗೆ ಹಳೆಯ ಜಾವಾ ಮೋಟಾರ್‌ಸೈಕಲ್ ಕೊಳ್ಳುವ ಹುಚ್ಚು ಹತ್ತಿದೆ. ಇಂಟರ್ನೆಟ್ಟಿನಲ್ಲಿ ಹುಡುಕುತ್ತಿದ್ದಾನೆ. ಗ್ರಂಥಾಲಯದ ಶಿಮ್ಕೋವಾ, "ಅಲ್ಲಿ ಅರ್ಧಕ್ಕರ್ಧ ಕಳ್ಳರೇ ಕಣ್ರೀ, ಹುಷಾರು" ಎಂದಳಂತೆ. ಮೋಸ ಹೋಗದ ಹಾಗೆ ಹೇಗೆ ಕೊಳ್ಳುವುದು ಎಂದು ನಿನ್ನನ್ನು ಕೇಳಲು ನನಗೆ ಹೇಳಿದ. ಬರೆಯುತ್ತೀಯಾ? ಅದಕ್ಕಾದರೂ ಮೂರು ಸಾಲಿಗಿಂತ ಹೆಚ್ಚು ಬೇಕು.

ನಿನ್ನ
ಲೀಬಾ

*

ಆರೋಗ್ಯಧಾಮ, ಯೆಸೆನಿಕ್ ಬೆಟ್ಟ, 7 ಮಾರ್ಚ್

ಪ್ರಿಯ ಲೀಬಾ,

ಗಮನಿಸಿ, ಗಮನಿಸಿ. ದೋಲ್ನಿ ಯಾವೊರಿನ ನಾಗರಿಕರ ಗಮನಕ್ಕೆ: ಕುಬಾಟನಿಗೆ ತಲೆ ಕೆಟ್ಟಿದೆ. ಸೈಕಲ್ಲಿನ ಗಂಟೆ ಹೊಡೆದರೆ ತಾನೇ ಬೆಚ್ಚಿಬೀಳುವವನಿಗೆ ಜಾವಾ ಯಾಕಂತೆ?

ಇರಲಿ, ಅವನಿಗೆ ಹೇಳು. ಬೆಲೆ ತೀರ ಕಡಿಮೆ ಇದ್ದರೆ ಅಲ್ಲೇ ಎದ್ದುಬರಲಿ. ಜಾವಾ ಬಲ್ಲವನು ಅದನ್ನು ಅಗ್ಗಕ್ಕೆ ಮಾರುವುದಿಲ್ಲ, ಅದನ್ನು ಅರಿಯದವನು ಇನ್ನೂ ಹೆಚ್ಚು ಕೇಳುತ್ತಾನೆ. ಕಣ್ಣಾರೆ ನೋಡುವವರೆಗೆ ಒಂದು ಕೊರುನಾ ಕೂಡ ಕೊಡಬಾರದು. ಹೋದಾಗ ಮೊದಲು ಎಂಜಿನ್ನಿನ ಮೇಲೆ ಅಂಗೈ ಇಡಲಿ. ತಣ್ಣಗಿರಬೇಕು. ಬೆಚ್ಚಗಿದ್ದರೆ ಇವನು ಬರುವ ಮೊದಲೇ ಮಾರುವವನು ಒದ್ದಾಡಿ ಚಾಲೂ ಮಾಡಿಟ್ಟಿದ್ದಾನೆ ಎಂದರ್ಥ. ಹ್ಯಾಂಡಲ್ಲಿನ ಬುಡದಲ್ಲಿ ಕೊರೆದ ನಂಬರನ್ನು ನೋಂದಣಿ ಪುಸ್ತಕದ ಜೊತೆ ಬೆರಳಿಟ್ಟು ಓದಿ ತಾಳೆ ನೋಡಲಿ.

ಜಾವಾ ಎಂದದ್ದೇ ತಪ್ಪಾಯಿತು ನೀನು. ನಿನ್ನೆಯಿಂದ ನಮ್ಮ ಹಳೆಯ ಜಾವಾ ನನ್ನ ತಲೆಯಲ್ಲಿ ಓಡುತ್ತಿದೆ. ಗೇರಿನ ಕಡ್ಡಿಯನ್ನೇ ಮೇಲೆತ್ತಿ ಕಿಕ್ ಮಾಡುವುದನ್ನು ನಿನಗೆ ಕಲಿಸಲು ಹೋದಾಗ ನೀನು ನನ್ನ ಮೊಣಕಾಲಿಗೇ ಒದ್ದಿದ್ದೆಯಲ್ಲ. ಕೆಲಸ ಮುಗಿಸಿ ಬರುವಾಗ ಸಂತ ಫ್ಲೋರಿಯಾನನ ಮೂರ್ತಿಯ ತಿರುವಿನಲ್ಲಿ ನಾನು ಎರಡು ಸಲ ಆಕ್ಸಿಲರೇಟರ್ ತಿರುಗಿಸುತ್ತಿದ್ದೆ. ಆ ಸದ್ದು ಕೇಳಿ ನೀನು ಹುಳಿಕೋಸಿನ ಸಾರನ್ನು ಒಲೆಗೆ ಏರಿಸುತ್ತಿದ್ದೆ. ಊರಿಗೆಲ್ಲ ಕೂಗಿ ಹೇಳುವವನು 'ಬಂದೆ' ಎಂದು ಹೆಂಡತಿಗೆ ಮಾತ್ರ ಹಾಗೆ ಹೇಳುತ್ತಿದ್ದೆ. ಛಾವಣಿ ಸೋರದಿದ್ದರೆ ಅದನ್ನು ಮಾರುತ್ತಲೇ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ನಿನ್ನ ಅಕ್ಕನ ಮಗ ರಾಡಿಮ್ ಅಂಗಳದಲ್ಲಿ ಅದನ್ನು ನಿಲ್ಲಿಸಿ ಫೋಟೋ ಹೊಡೆದು ಇಂಟರ್ನೆಟ್ಟಿಗೆ ಹಾಕಿದ ದಿನ ನೀನು ಒಳಗೇ ಕೂತಿದ್ದೆ.

ಗಂಟಲು ನಿಧಾನ. ಈಸ್ಟರ್ ಬಗ್ಗೆ ಡಾಕ್ಟರು ಏನೂ ಹೇಳಿಲ್ಲ.

ಓಟಾ

*

ದೋಲ್ನಿ ಯಾವೊರ್, 12 ಮಾರ್ಚ್

ಓಟಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊಣಕಾಲಿನ ವಿಷಯ ಸುಳ್ಳು. ನೀನೇ ಅಡ್ಡ ಬಂದದ್ದು.

ಕುಬಾಟ್ ಒಂದು ಗಾಡಿ ಹುಡುಕಿದ್ದಾನೆ. ನಮ್ಮದರ ಹಾಗೆಯೇ ಕಡುಗೆಂಪು, ಅದೇ ಕಾಲದ್ದು. ಮಾರುವವಳು ಒಬ್ಬ ವಿಧವೆ. ಗಂಡ ಇಟ್ಟುಕೊಂಡಿದ್ದ ಗಾಡಿಯಂತೆ. ಅವನು ಹೋದ ಮೇಲೆ ಮಗಳ ಜೊತೆ ಐರ್ಲೆಂಡಿನಲ್ಲಿದ್ದಾಳಂತೆ. ಎಷ್ಟು ಚೆನ್ನಾಗಿ ಬರೆಯುತ್ತಾಳೆ ಗೊತ್ತಾ. "ಅದರ ಸದ್ದು ಕೇಳದ ಮನೆಯಲ್ಲಿ ಇರೋದು ನನಗೆ ಆಗ್ತಿಲ್ಲ, ಪ್ರೀತಿಯಿಂದ ನೋಡ್ಕೊಳ್ಳೋರ ಕೈಗೆ ಹೋದ್ರೆ ಸಾಕು" ಎಂದಿದ್ದಾಳೆ. ಕಳ್ಳರು ಹೀಗೆ ಬರೆಯುತ್ತಾರಾ ಓಟಾ? ಬೆಲೆ ಸ್ವಲ್ಪ ಕಡಿಮೆಯೇ, ಒಪ್ಪುತ್ತೇನೆ. ಆದರೆ ದುಃಖದಲ್ಲಿರುವವಳು ಚೌಕಾಸಿ ಮಾಡುತ್ತಾಳೆಯೇ?

ತೊಂದರೆ ಒಂದೇ. ಗಾಡಿ ಅಲ್ಲಿ ಸಾಗಣೆ ಕಂಪನಿಯ ಗೋದಾಮಿನಲ್ಲಿದೆ. ಅರ್ಧ ಹಣ ಮುಂಗಡ ಹೋದರೆ ಪೆಟ್ಟಿಗೆ ಹೊರಡುತ್ತದೆ. ಇಲ್ಲಿಂದ ಹೋಗಿ ಅಂಗೈ ಇಟ್ಟು ನೋಡುವುದು ಹೇಗೆ? ನೋಡದೆಯೇ ತಿಳಿಯುವ ಉಪಾಯ ನಿನ್ನ ಹತ್ತಿರ ಇರಲೇಬೇಕು.

ಕುಬಾಟ್ ನಿನ್ನೆ ಧ್ವನಿವರ್ಧಕದಲ್ಲಿ "ಆಲೂಗಡ್ಡೆ ಮಾರುವವರು ಬಂದಿದ್ದಾರೆ" ಎನ್ನಲು ಹೋಗಿ ಕೆಮ್ಮು ಬಂದು, ಊರಿಗೆಲ್ಲ ಕೆಮ್ಮು ಕೇಳಿಸಿತು. ಹೆಂಗಸರು ಬುಟ್ಟಿ ಹಿಡಿದು ಬಂದವರು ನಕ್ಕು ನಕ್ಕು ಸುಸ್ತಾದರು. ನಿನಗೆ ಹೇಳಿರಲಿಲ್ಲ ಅಲ್ಲವಾ, ಸದ್ಯಕ್ಕೆ ಪ್ರಕಟಣೆಗಳನ್ನು ಅವನೇ ಓದುತ್ತಿದ್ದಾನೆ. ನೀನು ಬರುವವರೆಗೆ ಮಾತ್ರ.

ಈಸ್ಟರಿಗೆ ಬಾ. ಡಾಕ್ಟರನ್ನು ನೀನು ಕೇಳಲು ಆಗದಿದ್ದರೆ ಚೀಟಿ ಬರೆದುಕೊಡು.

ಲೀಬಾ

*

ಆರೋಗ್ಯಧಾಮ, 16 ಮಾರ್ಚ್

ಲೀಬಾ,

ಕುಬಾಟ್ ಈಗ ನನ್ನ ಮೈಕಿನ ಮುಂದೆ ಕೂರುತ್ತಾನೆ, ನನ್ನ ಹೆಂಡತಿಯ ಹತ್ತಿರ ಸಲಹೆ ಕೇಳುತ್ತಾನೆ, ನನ್ನ ಬಣ್ಣದ ಗಾಡಿಯನ್ನೇ ಕೊಳ್ಳುತ್ತಾನೆ. ನನ್ನ ಟೋಪಿ ಬಾಗಿಲ ಹಿಂದಿನ ಮೊಳೆಯಲ್ಲಿದೆ, ಅದನ್ನೂ ಕೊಟ್ಟುಬಿಡು. ಗಾಡಿ ಬಂದ ಮೇಲೆ ಹಿಂದೆ ಕೂರುವವರು ಯಾರು ಎಂದೂ ಕೇಳಿ ನೋಡು.

ಮೋಸ ಹೋದರೆ ಹೋಗಲಿ ಎನ್ನಿಸಿತು. ಆದರೆ ಜಾವಾ ಹೆಸರಿನಲ್ಲಿ ಯಾರು ಮೋಸ ಹೋದರೂ ನನಗೆ ತಡೆಯದು, ಅದಕ್ಕೇ ಬರೆಯುತ್ತೇನೆ.

ಕಣ್ಣೀರು ಹಾಕಿ ಮಾರುವವರ ಹತ್ತಿರ ಎರಡು ಪಟ್ಟು ಎಚ್ಚರ ಇರಲಿ. ಗಾಡಿ ಪರದೇಶದಲ್ಲಿ, ಹಣ ಮೊದಲು, ನೋಡುವುದು ಆಮೇಲೆ ಎಂದರೆ ಅಲ್ಲಿ ಗಾಡಿಯೇ ಇರುವುದಿಲ್ಲ. ಪರೀಕ್ಷೆ ಬೇಕಿದ್ದರೆ ಹೀಗೆ ಮಾಡಲಿ. ಹ್ಯಾಂಡಲ್ಲಿಗೆ ಒಂದು ಮರದ ಸೌಟು ಸಿಕ್ಕಿಸಿ ಹೊಸ ಫೋಟೋ ಕಳಿಸು ಎಂದು ಕೇಳಲಿ. ಸೌಟು ಇಲ್ಲದ ಮನೆಯಿಲ್ಲ. ಗಾಡಿ ಇದ್ದವಳು ನಗುತ್ತಾ ಕಳಿಸುತ್ತಾಳೆ, ಇಲ್ಲದವಳು ಕಾರಣ ಕಳಿಸುತ್ತಾಳೆ. ಈಗಿರುವ ಫೋಟೋದಲ್ಲಿ ಗಾಡಿಯನ್ನು ನೋಡುವುದು ಬೇಡ, ಅದರ ಹಿಂದೆ ಏನಿದೆ ನೋಡಲಿ. ಸುಳ್ಳುಗಾರರು ಹಿಂಬದಿಯ ಕಡೆ ಗಮನ ಕೊಡುವುದಿಲ್ಲ. ಮರವಿದ್ದರೆ ಎಲೆ ಇದೆಯೋ ಇಲ್ಲವೋ ನೋಡಲಿ, ಫೋಟೋ ಯಾವ ಕಾಲದ್ದು ಎಂದು ತಿಳಿಯುತ್ತದೆ.

ಇಲ್ಲಿ ಇನ್ನೂ ಹಿಮ. ಈಸ್ಟರ್ ಆಗಲಿಕ್ಕಿಲ್ಲ.

ಓಟಾಕರ್

*

ದೋಲ್ನಿ ಯಾವೊರ್, 21 ಮಾರ್ಚ್, ಮಂಗಳವಾರ

ಪ್ರಿಯ ಓಟಾ,

ಹೆಸರನ್ನು ಪೂರ್ತಿಯಾಗಿ ಬರೆದು ರುಜು ಮಾಡಿದ್ದೀಯ, ನಾನೇನು ತೆರಿಗೆ ಕಚೇರಿಯೇ? ಮೈ ಹುಷಾರಿಲ್ಲ, ಅದಕ್ಕೇ ಸಿಡುಕುತ್ತಿದ್ದೀ ಎಂದು ತಿಳಿದುಕೊಂಡೆ. ಜೇನುತುಪ್ಪ ಕಳಿಸಿದ್ದೇನೆ, ಬೆಚ್ಚನೆಯ ಹಾಲಿಗೆ ಹಾಕಿಸಿಕೊಂಡು ಕುಡಿ.

ನೀನು ಹೇಳಿದ್ದನ್ನೆಲ್ಲ ಕುಬಾಟ್ ಮಾಡಿದ. ಹಿಂಬದಿ ನೋಡಿದ. ಪ್ಲಮ್ ಮರ ಇದೆ, ಎಲೆ ಒಂದೂ ಇಲ್ಲ, ಮೊಗ್ಗು ಮಾತ್ರ. ಅಂದರೆ ಈಗಿನ ಕಾಲದ್ದೇ ಫೋಟೋ. ಕೆಳಗಿನ ಕೊಂಬೆ ಬಾಗದಂತೆ ಒಂದು ಹಳೆಯ ಸ್ಕೀ ಹಲಗೆಯ ಆಸರೆ ಕೊಟ್ಟಿದ್ದಾರೆ, ಹಗ್ಗದ ಮೇಲೆ ನೀಲಿ ಚೌಕಳಿಯ ಮೇಜುಬಟ್ಟೆ ಒಣಗುತ್ತಿದೆ. ಸಂಸಾರಸ್ಥರ ಅಂಗಳ ಓಟಾ. ಬಟ್ಟೆಯನ್ನು ಅಷ್ಟು ನೇರವಾಗಿ ಒಣಹಾಕುವವಳು ಕಳ್ಳಿ ಇರಲಾರಳು. ಸೌಟಿನ ಫೋಟೋ ಆಗಲಿಲ್ಲ. ಗಾಡಿಯನ್ನು ಆಗಲೇ ಪೆಟ್ಟಿಗೆಗೆ ಹಾಕಿ ಮೊಳೆ ಹೊಡೆದಿದ್ದಾರಂತೆ. "ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಬಿಡಿ, ಇನ್ನೊಬ್ಬರು ಕೇಳ್ತಿದ್ದಾರೆ" ಎಂದು ಬೇಜಾರು ಮಾಡಿಕೊಂಡಳು. ಪಾಪ ಎನ್ನಿಸಿತು.

ಶುಕ್ರವಾರ ಅಂಚೆ ಕಚೇರಿಯಲ್ಲಿ ಮುಂಗಡ ಕಟ್ಟುವುದು. ಇದು ನಿಜವಾದ ಗಾಡಿ, ನನಗೆ ಗೊತ್ತು. ಹೇಗೆ ಗೊತ್ತು ಎಂದು ಕೇಳಬೇಡ.

ಈಸ್ಟರ್ ಆಗಲಿಕ್ಕಿಲ್ಲ ಎಂದು ಇನ್ನೊಮ್ಮೆ ಬರೆಯಬೇಡ. ನೀನು ಬಂದರೆ ಒಂದು ಆಶ್ಚರ್ಯ ಕಾದಿದೆ. ನೀನಿಲ್ಲದೆ ಈ ಮನೆಯಲ್ಲಿ ನಾನು ಒಬ್ಬಳಿಗೇ ಸಾರು ಮಾಡಲಾರೆ, ಬ್ರೆಡ್ಡು ತಿಂದು ಮಲಗುತ್ತಿದ್ದೇನೆ.

ನಿನ್ನ ಲೀಬಾ

*

ದೋಲ್ನಿ ಯಾವೊರ್, 25 ಮಾರ್ಚ್

ಓಟಾ,

ನಿನ್ನೆ ಬೆಳಿಗ್ಗೆ ನಾನು ಕೋಟು ತೊಟ್ಟಾಗಿತ್ತು. ಬಾತುಕೋಳಿ ಮಾರಿದ ದುಡ್ಡು, ನನ್ನ ಪಿಂಚಣಿಯಲ್ಲಿ ಉಳಿಸಿದ್ದು, ಎಲ್ಲ ಕರವಸ್ತ್ರದಲ್ಲಿ ಗಂಟು ಕಟ್ಟಿ ಕೈಚೀಲದಲ್ಲಿತ್ತು. ಬೀಗದ ಕೈ ತೆಗೆಯುವಾಗ ಫೋನು ಹೊಡೆಯಿತು.

ನಿನ್ನ ನರ್ಸ್ ಆಲ್ಜ್‌ಬೆಟಾ. "ಲೀಬಾ ಅವರಾ? ನಿಮ್ಮ ಯಜಮಾನ್ರು ಪಕ್ಕದಲ್ಲೇ ನಿಂತು ನನ್ನ ತೋಳು ಜಗ್ತಿದ್ದಾರೆ. ದುಡ್ಡು ಕಟ್ಟಬೇಡಿ ಅನ್ಬೇಕಂತೆ. ಆ ಪ್ಲಮ್ ಮರ ನಿಮ್ಮದೇ ಅಂತೆ. ಆ ಸ್ಕೀ ಹಲಗೆಯ ಜೊತೇದನ್ನ ಇವರೇ ಮುರಿದಿದ್ದಂತೆ. ಚೀಟಿಯಲ್ಲಿ ಹೀಗೇ ಬರೆದಿದೆ, ನಂಗಂತೂ ತಲೆಬುಡ ತಿಳೀಲಿಲ್ಲ" ಎಂದಳು.

ನಾನು ಕೋಟು ಸಮೇತ ಕುರ್ಚಿಯಲ್ಲಿ ಕೂತೆ. ಹೌದು ಓಟಾ, ಕುಬಾಟ್ ಯಾವ ಗಾಡಿಯನ್ನೂ ಕೊಳ್ಳುತ್ತಿರಲಿಲ್ಲ. ಪಾಪದವನ ಹೆಸರು ಸುಮ್ಮನೆ ಬಾಯಿಗೆ ಬಂತು. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಆ ಫೋಟೋ ಕಂಡಾಗ ನಾನು ಗಾಡಿಯನ್ನು ನೋಡಲೇ ಇಲ್ಲ. ನಮ್ಮ ಮರ, ನಮ್ಮ ಗೋಡೆ, ನಾನೇ ಒಣಹಾಕಿದ ಮೇಜುಬಟ್ಟೆ. ಅಂಗಳ ನಮ್ಮದೇ ಆದ್ದರಿಂದ ಗಾಡಿಯೂ ನಮ್ಮದೇ, ನಮ್ಮಿಂದ ಕೊಂಡವನು ಅವಳ ಗಂಡನಿಗೆ ಮಾರಿರಬೇಕು, ಇದರಲ್ಲಿ ಮೋಸ ಎಲ್ಲಿಂದ ಬರಬೇಕು ಎಂದುಕೊಂಡೆ. ನಾಲ್ಕು ವರ್ಷದ ಹಿಂದೆಯೇ ನಮ್ಮ ಅಂಗಳ ಬಿಟ್ಟು ಹೋದ ಗಾಡಿಯ ಹಿಂದೆ ಇವತ್ತು ಬೇರೆಯವರ ಗೋಡೆ ಇರಬೇಕಿತ್ತು ಎಂದು ಈ ದಡ್ಡ ತಲೆಗೆ ಹೊಳೆಯಲಿಲ್ಲ. ರಾಡಿಮ್ ಹೊಡೆದ ಫೋಟೋವನ್ನೇ ಯಾರೋ ಕದ್ದು, ನನಗೇ ಮಾರಲು ಹೊರಟಿದ್ದರು. ನಾನು ಅಳುತ್ತಾ ಓದಿದ ಆ ವಿಧವೆ ಇದ್ದಾಳೋ ಇಲ್ಲವೋ.

ಇದನ್ನು ಶಿಮ್ಕೋವಾಳಿಗೆ ಹೇಳಿದೆ, ಅವಳು ಆ ಜಾಹೀರಾತಿನ ಮೇಲೆ ಪೊಲೀಸರಿಗೆ ಬರೆದಿದ್ದಾಳೆ. ನಾಚಿಕೆ ನನ್ನದು, ನುಂಗಿಕೊಂಡೆ.

ಆದರೆ ನರ್ಸ್ ಅಷ್ಟಕ್ಕೇ ಫೋನ್ ಇಡಲಿಲ್ಲ. ನೀನು ಅತ್ತ ತಿರುಗಿದಾಗ ಮೆಲ್ಲಗೆ, "ಇವರನ್ನ ಕರ್ಕೊಂಡು ಹೋಗಿ ಮಾರಾಯ್ರೇ. ಮನೆಗೆ ಹೋಗಬಹುದು ಅಂತ ಡಾಕ್ಟರು ಹೇಳಿ ತಿಂಗಳಾಯ್ತು. ಇನ್ನೂ ಸ್ವಲ್ಪ ದಿನ ಇಟ್ಕೊಳ್ಳಿ ಅಂತ ಇವರೇ ಚೀಟಿ ಬರೀತಾರೆ" ಎಂದಳು.

ನನಗೆ ಮೋಸ ಮಾಡಲು ಐರ್ಲೆಂಡಿನವರೇ ಬೇಕಿರಲಿಲ್ಲ.

ಲೀಬಾ

*

ಆರೋಗ್ಯಧಾಮ, 29 ಮಾರ್ಚ್

ಲೀಬಾ,

ಈ ಸಲ ಗಮನಿಸಿ ಗಮನಿಸಿ ಇಲ್ಲ.

ನಿನ್ನ ಮಂಗಳವಾರದ ಕಾಗದ ಗುರುವಾರ ಸಂಜೆ ಬಂತು. ಕುಬಾಟನ ಮೇಲಿನ ಉರಿಯಲ್ಲೇ ಅರ್ಧ ಓದಿದೆ. ಸ್ಕೀ ಹಲಗೆ ಎಂಬಲ್ಲಿ ನಿಂತೆ. ಮದುವೆಗೆ ಮುಂಚೆ ನಿನಗೆ ತೋರಿಸಬೇಕೆಂದು ಇಳಿಜಾರಿನಲ್ಲಿ ಹಾರಿ, ಹಲಗೆ ಮುರಿದು, ನಿನ್ನ ಅಪ್ಪನ ಗಾಡಿಯಲ್ಲಿ ಮಲಗಿಕೊಂಡು ಮನೆಗೆ ಬಂದವನು ನಾನು. ಉಳಿದ ಒಂದನ್ನು ಆ ಕೊಂಬೆಗೆ ಕೊಟ್ಟವನೂ ನಾನೇ. ಅದು ನಮ್ಮದೇ ಅಂಗಳ, ರಾಡಿಮ್ ಹೊಡೆದ ಹಳೆಯ ಫೋಟೋ. ಕುಬಾಟ್ ಇಲ್ಲ, ಕೊಳ್ಳುತ್ತಿರುವವಳು ನೀನು, ಯಾರಿಗಾಗಿ ಎಂದೂ ತಿಳಿಯಿತು. ಮೊದಲು ಸಂತೋಷಪಡಲು ಪುರುಸೊತ್ತಿರಲಿಲ್ಲ, ಶುಕ್ರವಾರ ಎದುರಿಗಿತ್ತು. ಬೆಳಿಗ್ಗೆ ಫೋನಿನ ಹತ್ತಿರ ಓಡಿದೆ, ನಿನ್ನ ನಂಬರು ಒತ್ತಿದೆ, ಆಮೇಲೆ ನೆನಪಾಯಿತು, ನಾನು ಏನನ್ನೂ ಹೇಳಲಾರೆ. ಇಟ್ಟೆ. ಆಲ್ಜ್‌ಬೆಟಾಳನ್ನು ಹುಡುಕಿ ತಂದೆ.

ಲೀಬಾ, ಗಂಟಲು ನಿಧಾನವಲ್ಲ. ಗಂಟಲು ಮುಗಿಯಿತು. ಬಾಯಿ ತೆರೆದರೆ ಗಾಳಿ ಬರುತ್ತದೆ, ಮಾತು ಬರುವುದಿಲ್ಲ, ಇನ್ನು ಮುಂದೆ ಬರುವುದೂ ಇಲ್ಲ. ಕುತ್ತಿಗೆಗೆ ಹಿಡಿದು ಮಾತಾಡುವ ಒಂದು ಯಂತ್ರ ಕೊಟ್ಟರು. ಅದರಲ್ಲಿ ನಿನ್ನ ಹೆಸರು ಹೇಳಿ ನೋಡಿದೆ. ತಗಡಿನ ಡಬ್ಬ ನಿನ್ನನ್ನು ಕರೆದ ಹಾಗಾಯಿತು. ಅದನ್ನು ಖಾನೆಯಲ್ಲಿಟ್ಟು ಮುಚ್ಚಿದೆ.

ನಿನಗೆ ಸಿಕ್ಕಿದವನು ಮಾತಾಡುವ ಗಂಡ. ಮಾತಿಗೇ ನೀನು ನನ್ನನ್ನು ಒಪ್ಪಿದ್ದು, ನನ್ನ ಮೂಗು ನೋಡಿ ಅಲ್ಲ. ಬೀದಿಯಲ್ಲಿ ಎಲ್ಲರೂ ಕುಬಾಟನ ಕೆಮ್ಮು ಕೇಳಿ ನಗುವಾಗ ನಾನು ನಿನ್ನ ಪಕ್ಕದಲ್ಲಿ ಚೀಟಿ ಹಿಡಿದು ನಿಲ್ಲಬೇಕು. ಮನೆ ಸುಮ್ಮನಿದೆ ಎಂದು ಬರೆದೆಯಲ್ಲ, ನಾನು ಬಂದ ಮೇಲೂ ಅದು ಹಾಗೆಯೇ ಇರುತ್ತದೆ. ಅದಕ್ಕೇ ದಿನ ಮುಂದೂಡುತ್ತಾ ಬಂದೆ. ನಿನ್ನನ್ನು ನೋಡಬೇಕೆಂದು ಎಷ್ಟು ಅನ್ನಿಸುತ್ತದೋ ಅಷ್ಟೇ ಹೆದರಿಕೆಯಾಗುತ್ತದೆ.

ಜಾವಾ ಯಾಕೆ ಬೇಕಿತ್ತು ನಿನಗೆ? ಕಿಕ್ ಮಾಡುವ ಶಕ್ತಿ ಕೂಡ ನನ್ನ ಕಾಲಿಗೆ ಈಗ ಇಲ್ಲ.

ಓಟಾ

*

ದೋಲ್ನಿ ಯಾವೊರ್, 4 ಏಪ್ರಿಲ್

ನನ್ನ ಓಟಾ,

ನಿನ್ನ ಮಾತಿಗೆ ಒಪ್ಪಿದೆ ಎಂದು ಯಾರು ಹೇಳಿದರು? ನಿನ್ನ ಮಾತು ಊರಿಗೆಲ್ಲ ಸಿಗುತ್ತಿತ್ತು, ಕಂಬದ ಕೆಳಗೆ ನಿಂತರೆ ಯಾರಿಗಾದರೂ. ನನಗೆಂದೇ ಇದ್ದದ್ದು ತಿರುವಿನ ಆ ಎರಡು ಸದ್ದು. ಧ್ವನಿವರ್ಧಕದಲ್ಲಿ ನೀನು ಒಂದು ದಿನವಾದರೂ "ಲೀಬಾ" ಎಂದಿದ್ದೀಯಾ? ಗಂಟಲು ಮುಗಿಯಿತು ಎಂದು ನನಗೆ ಜನವರಿಯಲ್ಲೇ ಗೊತ್ತು. ಶಸ್ತ್ರಚಿಕಿತ್ಸೆಯ ದಿನ ಡಾಕ್ಟರು ನನ್ನನ್ನೂ ಕೂರಿಸಿಕೊಂಡು ಹೇಳಿದ್ದರು. ನೀನು ನಿಧಾನ ಎಂದು ಬರೆಯುತ್ತಿದ್ದೆ, ನಾನೂ ನಂಬಿದ ಹಾಗೆ ಬರೆಯುತ್ತಿದ್ದೆ. ಅದಕ್ಕೇ ಜಾವಾ ಹುಡುಕಿದೆ. ಮಾತು ಹೋದರೆ ಹೋಗಲಿ, ಆ ಎರಡು ಸದ್ದಾದರೂ ವಾಪಸ್ಸು ಬರಲಿ ಎಂದು.

ಈಗ ಕೇಳು. ನಮ್ಮ ಗಾಡಿ ಕೊಂಡವನ ವಿಳಾಸ ನನಗೆ ನೆನಪಿತ್ತು. ಆಚೆ ಕಣಿವೆಯ ಜೇನುಸಾಕಣೆಯ ವೊಂದ್ರಾಚೆಕ್. ಶನಿವಾರ ಬಸ್ಸು ಹತ್ತಿ ಹೋದೆ. ಅವನು ಜೇನುಗೂಡಿಗೆ ಬಣ್ಣ ಹೊಡೆಯುತ್ತಿದ್ದ. "ನಿಮ್ಮ ಜಾವಾ ಮಾರಾಟಕ್ಕಿದೆ ಅಂತ ಇಂಟರ್ನೆಟ್ಟಲ್ಲಿ ಬಂದಿದೆ" ಎಂದೆ. ಕುಂಚ ಕೈಯಿಂದ ಬಿತ್ತು. "ಯಾರಮ್ಮಾ ಹೇಳಿದ್ದು? ನನ್ನನ್ನ ಮಾರಿದ್ರೂ ಅದನ್ನ ಮಾರಲ್ಲ" ಎಂದ. ಒಳಗೆ ಕರೆದುಕೊಂಡು ಹೋಗಿ ಹೊದಿಕೆ ತೆಗೆದ. ಅದೇ ಓಟಾ. ಟ್ಯಾಂಕಿನ ಮೇಲೆ ನನ್ನ ಬಳೆ ಗೀಚಿದ ಗುರುತು ಹಾಗೆಯೇ ಇದೆ.

ನೀನು ಕಲಿಸಿದಂತೆ ಮೊದಲು ಎಂಜಿನ್ನಿನ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಅವನ ಎರಡನೇ ಒದೆತಕ್ಕೆ ಎದ್ದಿತು. ಆ ಹೊಗೆಯ ವಾಸನೆಗೆ ನಾನು ಅಲ್ಲೇ, ಪರರ ಕೊಟ್ಟಿಗೆಯಲ್ಲಿ ನಿಂತು ಅತ್ತೆ. ವೊಂದ್ರಾಚೆಕ್ ಗಾಬರಿಯಾಗಿ, "ಮಾರಲ್ಲ ಅಂದಿದ್ದಕ್ಕೆ ಬೇಜಾರಾಯ್ತಾ?" ಎಂದು ಜೇನಿನ ಬಾಟಲಿ ತಂದುಕೊಟ್ಟ. ಕೊಳ್ಳಲು ಬಂದಿಲ್ಲ ಎಂದು ಹೇಳಿ ಎಲ್ಲ ಕಥೆ ಹೇಳಿದೆ. ಅವನು ಗಾಡಿಗೆ ಮತ್ತೆ ಹೊದಿಕೆ ಹೊದಿಸಿದ. ಆಮೇಲೆ, "ರೈಲು ಯಾವಾಗ ಬರುತ್ತೆ ಅಷ್ಟು ಹೇಳಿ" ಎಂದ.

ಈಸ್ಟರಿನ ಹಿಂದಿನ ದಿನ, ಶನಿವಾರ, ಮಧ್ಯಾಹ್ನದ ರೈಲು. ನಾನು ನಿಲ್ದಾಣಕ್ಕೆ ಬರುವುದಿಲ್ಲ. ನಾನು ಎಲ್ಲಿರುತ್ತೇನೆ ಎಂದು ನಿನಗೆ ಗೊತ್ತು. ಯಂತ್ರ ತಾ ಅಥವಾ ಖಾನೆಯಲ್ಲೇ ಬಿಟ್ಟು ಬಾ, ಅದು ನಿನ್ನಿಷ್ಟ. ಬರದೆ ಮಾತ್ರ ಇರಬೇಡ. ಇದಕ್ಕೆ ಉತ್ತರ ಬರೆಯುವುದೂ ಬೇಡ.

ಲೀಬಾ

*

ಅಡುಗೆಮನೆಯ ಮೇಜು, ಶನಿವಾರ, 15 ಏಪ್ರಿಲ್

ಲೀಬಾ,

ನೀನು ವೊಂದ್ರಾಚೆಕ್‌ಗೆ ಈಸ್ಟರ್ ರೊಟ್ಟಿ ಕಟ್ಟಿಕೊಡಲು ಅಂಗಳಕ್ಕೆ ಹೋಗಿದ್ದೀಯ. ನೀನು ಒಳಗೆ ಬರುವ ಮೊದಲು ಬರೆದುಬಿಡುತ್ತೇನೆ, ನಿನ್ನ ಮುಖ ನೋಡುತ್ತಾ ನನಗೆ ಬರೆಯಲಾಗದು.

ನಿಲ್ದಾಣದ ಹೊರಗೆ ಅವನು ಇನ್ನೊಂದು ಹೆಲ್ಮೆಟ್ ಹಿಡಿದು ನಿಂತಿದ್ದ. ನಾನು ಅಭ್ಯಾಸಬಲದಿಂದ ಎಂಜಿನ್ನಿನ ಮೇಲೆ ಅಂಗೈ ಇಟ್ಟೆ. "ಬಿಸಿ ಇರದೆ ಏನ್ರೀ, ಇದರ ಮೇಲೇ ಬಂದಿದ್ದೀನಿ. ನೀವಿಬ್ಬರೂ ಒಂದೇ ಜಾತಿ" ಎಂದ. ಬಹಳ ದಿನದ ಮೇಲೆ ನಕ್ಕೆ. ನಗುವಿಗೂ ಸದ್ದಿಲ್ಲ, ಆದರೆ ಅವನಿಗೆ ತಿಳಿಯಿತು.

ಫ್ಲೋರಿಯಾನನ ತಿರುವಿನಲ್ಲಿ ಅವನು ಗಾಡಿ ನಿಲ್ಲಿಸಿ ಇಳಿದ. ನನ್ನನ್ನು ಮುಂದೆ ಕೂರಿಸಿದ. ಆರಿದರೆ ಮತ್ತೆ ಕಿಕ್ ಮಾಡಲು ನನ್ನಿಂದ ಆಗದು ಎಂದು ಎಂಜಿನ್ ಆರಿಸಲಿಲ್ಲ. ಒಂದು ಸಲ ತಿರುಗಿಸಿದೆ, ಇನ್ನೊಂದು ಸಲ ತಿರುಗಿಸಿದೆ. ಎದುರಿಗೆ ಕಾಣುವ ನಮ್ಮ ಮನೆಯ ಬಾಗಿಲು ತೆರೆಯಲಿಲ್ಲ, ನೀನು ಹೊರಗೆ ಬರಲಿಲ್ಲ. ನನಗೆ ಭಯವಾಯಿತು. ಆಮೇಲೆ ಗಾಡಿಯನ್ನು ಅವನ ಕೈಗೆ ಕೊಟ್ಟು ನಡೆದು ಬಂದು ಬಾಗಿಲು ತಳ್ಳಿದರೆ ನೀನು ನನಗೆ ಬೆನ್ನು ಮಾಡಿ ಒಲೆಯ ಮುಂದೆ ನಿಂತಿದ್ದೆ. ಸಾರು ಒಲೆಯ ಮೇಲಿತ್ತು.

ಇನ್ನೇನು ಅವನು ಹೊರಡುತ್ತಾನೆ. ತಿರುವಿನಲ್ಲಿ ನಿನಗೆ ಆ ಎರಡು ಸದ್ದು ಮತ್ತೆ ಕೇಳಿಸುತ್ತದೆ, ಹಾಗೆ ಮಾಡು ಎಂದು ಅವನಿಗೆ ಚೀಟಿ ಬರೆದುಕೊಟ್ಟಿದ್ದೇನೆ. ಅದು ಕೇಳಿ ಬಾಗಿಲಿನ ಕಡೆ ನೋಡಬೇಡ ಲೀಬಾ. ಅದು ನಾನಲ್ಲ. ನಾನು ಇಲ್ಲೇ ಮೇಜಿನ ಹತ್ತಿರ ಕೂತಿದ್ದೇನೆ.

ಓಟಾ